ಡಿಸಿಎಸ್ ವರ್ಲ್ಡ್ ಮತ್ತು ಮಿಗ್-21 ಬಿಸ್: ಹಾರಾಟದ ನೈಜತೆ, ಅದಕ್ಕೆ ಬೇಕಾದ ಕಂಪ್ಯೂಟರ್

ಯುದ್ಧವಿಮಾನದ ಸಿಮ್ಯುಲೇಟರ್ ಆಟವೊಂದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತಾರೆ. ಅದರಲ್ಲಿನ ವಿಮಾನ ನಿಜವಾದ ವಿಮಾನದಂತೆ ಹಾರುತ್ತದೆಯೇ ಎಂಬುದು ಮೊದಲನೆಯದು. ತಮ್ಮ ಕಂಪ್ಯೂಟರಿನಲ್ಲಿ ಆಟ ತಡವರಿಸದೆ ಓಡುತ್ತದೆಯೇ ಎಂಬುದು ಎರಡನೆಯದು. ಅಂತಹ ಆಟಗಳಲ್ಲೊಂದಾದ ಡಿಸಿಎಸ್ ವರ್ಲ್ಡ್ ಅನ್ನು ಬಹುಕಾಲ ಬಳಸಿದ ಮೇಲೆ ಇವೆರಡೂ ಒಂದೇ ಪ್ರಶ್ನೆಯೆಂದು ನನಗೆ ಮನವರಿಕೆಯಾಗಿದೆ. ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ರನ್‌ವೇ ಸಮೀಪಿಸುತ್ತಿರುವ ವಿಮಾನ ಒಂದು ಸೆಕೆಂಡಿನಲ್ಲಿ 80 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಆ ಹೊತ್ತಿನಲ್ಲಿ ತೆರೆಯ ಮೇಲಿನ ಚಿತ್ರ ಕಾಲು ಸೆಕೆಂಡು ನಿಂತರೂ ಕೈಗೂ ಕಣ್ಣಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ರೆಕ್ಕೆಯ ಮೇಲೆ ಹರಿಯುವ ಗಾಳಿಯನ್ನು ಎಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕಿದ್ದರೂ ಆ ಲೆಕ್ಕ ಆಡುವವರನ್ನು ತಲುಪುವುದಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಹಾರಾಟದ ಗುಣವನ್ನೂ ಕಂಪ್ಯೂಟರಿನ ಮೇಲೆ ಬೀಳುವ ಹೊರೆಯನ್ನೂ ಜೊತೆಯಾಗಿಯೇ ನೋಡುತ್ತೇನೆ. ಉದಾಹರಣೆಗೆಂದು ಆರಿಸಿಕೊಂಡಿರುವುದು ಮಿಗ್-21 ಬಿಸ್ ಮಾಡ್ಯೂಲ್, ಅಂದರೆ ಆಟಕ್ಕೆ ಬಿಡಿಯಾಗಿ ಸೇರಿಸಿಕೊಳ್ಳುವ ಸೋವಿಯತ್ ಯುದ್ಧವಿಮಾನ.

ಡಿಸಿಎಸ್ ತಯಾರಿಸುವ ಈಗಲ್ ಡೈನಾಮಿಕ್ಸ್ ಸಂಸ್ಥೆಗೆ ಈ ಕ್ಷೇತ್ರದಲ್ಲಿ ದೀರ್ಘ ಅನುಭವವಿದೆ. 1995ರ ಫ್ಲಾಂಕರ್, 2003ರ ಲಾಕ್ ಆನ್, 2008ರಲ್ಲಿ ಕೆಎ-50 ಹೆಲಿಕಾಪ್ಟರಿನೊಂದಿಗೆ ಬಂದ ಬ್ಲ್ಯಾಕ್ ಶಾರ್ಕ್, 2011ರ ಎ-10ಸಿ, ಹೀಗೆ ಒಂದರ ಮೇಲೊಂದು ಕಟ್ಟುತ್ತ ಬಂದ ಕೆಲಸವೇ ಇಂದಿನ ಡಿಸಿಎಸ್ ವರ್ಲ್ಡ್. ಮೂಲ ತಂತ್ರಾಂಶ ಉಚಿತ. ಅದರೊಂದಿಗೆ ಸು-25ಟಿ ದಾಳಿ ವಿಮಾನ, ಶಸ್ತ್ರಗಳಿಲ್ಲದ ಟಿಎಫ್-51ಡಿ ಮಸ್ಟ್ಯಾಂಗ್, ಕಾಕಸಸ್ ಮತ್ತು ಮರಿಯಾನಾ ದ್ವೀಪಗಳ ಭೂಪ್ರದೇಶಗಳು ದೊರೆಯುತ್ತವೆ. ಉಳಿದ ವಿಮಾನಗಳನ್ನೂ ಸಿರಿಯಾ, ಪರ್ಷಿಯನ್ ಕೊಲ್ಲಿ, ನಾರ್ಮಂಡಿಯಂತಹ ಭೂಪ್ರದೇಶಗಳನ್ನೂ ಬಿಡಿಬಿಡಿಯಾಗಿ ಕೊಳ್ಳಬೇಕು. ಎಲ್ಲ ಮಾಡ್ಯೂಲ್‌ಗಳೂ ಮೂಲ ಸಂಸ್ಥೆಯವಲ್ಲ. ಎಫ್-14 ಮತ್ತು ಎಫ್-4ಇ ವಿಮಾನಗಳನ್ನು ಹೀಟ್‌ಬ್ಲರ್ ತಯಾರಿಸಿದೆ. ಇಲ್ಲಿ ವಿಮರ್ಶಿಸುತ್ತಿರುವ ಮಿಗ್-21 ಬಿಸ್ 2014ರಲ್ಲಿ ಲೆದರ್‌ನೆಕ್ ಹೆಸರಿನಲ್ಲಿ ಬಂದು, ಈಗ ಮ್ಯಾಗ್ನಿಟ್ಯೂಡ್ 3 ತಂಡದ ಆರೈಕೆಯಲ್ಲಿದೆ.

ಎಫ್-16, ಎಫ್/ಎ-18ರಂತಹ ಹೊಸ ವಿಮಾನಗಳನ್ನು ಬಿಟ್ಟು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. 1963ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತವಾಯಿತು. ಅರವತ್ತು ವರ್ಷಗಳಿಗೂ ಮೀರಿದ ಆ ಅವಧಿಯಲ್ಲಿ ಎಚ್‌ಎಎಲ್ ಸಂಸ್ಥೆ ಅವನ್ನು ನಾಸಿಕದಲ್ಲಿ ತಯಾರಿಸಿತು, ಎಂಜಿನ್‌ಗಳನ್ನು ಒಡಿಶಾದ ಕೋರಾಪುಟ್‌ನಲ್ಲಿ ನಿರ್ಮಿಸಿತು. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯ ನಂಟಿರುವ ಮನೆಗಳಲ್ಲಿ ಈ ಹೆಸರು ಕೇಳದವರು ಕಡಿಮೆ. ಇಷ್ಟು ಹತ್ತಿರದ ವಿಮಾನವನ್ನು ಒಳಗಿನಿಂದ ಅರಿಯುವ ಅವಕಾಶ ಸಾಮಾನ್ಯರಿಗೆ ಬೇರೆಲ್ಲಿಯೂ ಸಿಗುವುದಿಲ್ಲ. ಆದರೆ ಕೊಳ್ಳುವ ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆಟದಲ್ಲಿರುವುದು 1970ರ ದಶಕದ ಮೂಲ ‘ಬಿಸ್’. ಭಾರತದಲ್ಲಿ ಕೊನೆಯವರೆಗೆ ಹಾರಿದ, ಹೊಸ ರೇಡಾರ್ ಮತ್ತು ಆರ್-73, ಆರ್-77 ಕ್ಷಿಪಣಿಗಳಿದ್ದ ‘ಬೈಸನ್’ ಇದಲ್ಲ. 1971ರ ಯುದ್ಧದಲ್ಲಿ ಹೋರಾಡಿದ, ಒಡಲೊಳಗೆ ಫಿರಂಗಿಯೇ ಇಲ್ಲದ ‘ಎಫ್‌ಎಲ್’ ಕೂಡ ಅಲ್ಲ. ಬಳಕೆದಾರರೇ ರಚಿಸಿ ಉಚಿತವಾಗಿ ಹಂಚುವ ಬಣ್ಣದ ಫೈಲುಗಳಿಂದ ವಿಮಾನಕ್ಕೆ ನಮ್ಮ ವಾಯುಪಡೆಯ ಗುರುತುಗಳನ್ನು ಕೊಡಬಹುದು, ಆದರೆ ಒಳಗಿನ ಯಂತ್ರ ಸೋವಿಯತ್ ಮೂಲದ್ದೇ ಆಗಿರುತ್ತದೆ.

ಕಾಕ್‌ಪಿಟ್ಟಿನ ಒಳಗೆ ಕಣ್ಣಿಗೆ ಮೊದಲು ಬೀಳುವುದು ಆ ಕಾಲದ ಸೋವಿಯತ್ ವಿಮಾನಗಳ ನೀಲಿ-ಹಸಿರು ಬಣ್ಣ. ಫಲಕಗಳ ಬರಹ ರಷ್ಯನ್ ಭಾಷೆಯಲ್ಲಿ ಬೇಡವೆನ್ನುವವರು ಇಂಗ್ಲಿಷ್ ಆಯ್ಕೆ ಮಾಡಿಕೊಳ್ಳಬಹುದು. ಬಲಗೈ ಕಡೆಯ ಸ್ವಿಚ್ಚುಗಳ ಸಾಲಿನಲ್ಲಿ ಬ್ಯಾಟರಿ, ಜನರೇಟರ್‌ಗಳು, ಇನ್ವರ್ಟರ್‌ಗಳು, ಇಂಧನದ ಪಂಪುಗಳು ಎಲ್ಲವೂ ಮೌಸಿನಿಂದ ಒತ್ತಿದರೆ ಕೆಲಸ ಮಾಡುತ್ತವೆ, ಮತ್ತು ಪ್ರತಿಯೊಂದಕ್ಕೂ ಪರಿಣಾಮವಿದೆ. ಇನ್ವರ್ಟರ್ ಹಾಕುವುದನ್ನು ಮರೆತರೆ ಅದನ್ನು ಅವಲಂಬಿಸಿದ ಉಪಕರಣಗಳ ಸೂಜಿಗಳು ಏಳುವುದಿಲ್ಲ. ಇಂಧನದ ಮಾಪಕವನ್ನು ನೋಡಿ: ಟ್ಯಾಂಕಿನಲ್ಲಿ ಎಷ್ಟಿದೆಯೆಂದು ಅದು ಅಳೆಯುವುದೇ ಇಲ್ಲ. ಹಾರುವ ಮೊದಲು ಎಷ್ಟು ತುಂಬಿಸಿದ್ದೇವೆಯೋ ಅಷ್ಟಕ್ಕೆ ಸೂಜಿಯನ್ನು ಕೈಯಿಂದ ತಿರುಗಿಸಿ ಇಡಬೇಕು. ಆಮೇಲೆ ಎಂಜಿನ್ನಿಗೆ ಹರಿದುಹೋದ ಇಂಧನವನ್ನು ಅದು ಕಳೆಯುತ್ತ ಹೋಗುತ್ತದೆ. ತಪ್ಪಾಗಿ ಇಟ್ಟರೆ ಹಾರಾಟದ ಉದ್ದಕ್ಕೂ ತಪ್ಪನ್ನೇ ತೋರಿಸುತ್ತದೆ. ಮೂಲ ವಿಮಾನದಲ್ಲಿ ಇದು ಹೀಗೆಯೇ ಇತ್ತು. ಆಟ ತಯಾರಿಸಿದವರು ಇದನ್ನು ಸರಳಗೊಳಿಸಿ ಬಿಡಬಹುದಿತ್ತು, ಆದರೆ ಹಾಗೆ ಮಾಡಲಿಲ್ಲ. ಈ ಮಾಡ್ಯೂಲಿನ ಮೇಲೆ ನನಗಿರುವ ಗೌರವ ಇಂತಹ ನಿರ್ಧಾರಗಳಿಂದಲೇ ಬಂದದ್ದು.

ನೆಲದ ಮೇಲೆ ಸಾಗುವುದೂ ಒಂದು ಪಾಠವೇ. ಮೂತಿಯ ಚಕ್ರವನ್ನು ತಿರುಗಿಸುವ ವ್ಯವಸ್ಥೆ ಈ ವಿಮಾನದಲ್ಲಿಲ್ಲ. ಸ್ಟಿಕ್ಕಿನ (ವಿಮಾನ ನಡೆಸುವ ಕೋಲಿನ) ಮೇಲಿರುವ ಬ್ರೇಕಿನ ಹಿಡಿಯನ್ನು ಒತ್ತಿ, ತಿರುಗಬೇಕಾದ ಕಡೆಗೆ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ತುಳಿದರೆ ಆ ಕಡೆಯ ಚಕ್ರ ಮಾತ್ರ ಹಿಡಿದು ವಿಮಾನ ತಿರುಗುತ್ತದೆ. ಬ್ರೇಕುಗಳು ಸಂಕುಚಿತ ಗಾಳಿಯಿಂದ ಕೆಲಸ ಮಾಡುವುದರಿಂದ ಅವನ್ನು ಸುಮ್ಮನೆ ಒತ್ತುತ್ತಿದ್ದರೆ ಗಾಳಿಯ ಒತ್ತಡವೂ ಇಳಿಯುತ್ತದೆ. ಪೆಡಲ್ ಇಲ್ಲದೆ, ಜಾಯ್‌ಸ್ಟಿಕ್ಕನ್ನೇ ತಿರುಚಿ ರಡ್ಡರ್ ಬಳಸುವವರಿಗೆ ಇದು ಸ್ವಲ್ಪ ಕಷ್ಟ, ಅಸಾಧ್ಯವೇನಲ್ಲ.

ಗಾಳಿಗೇರಿದ ಮೇಲೆ ವಿಮಾನದ ಸ್ವಭಾವ ಬೇಗ ತಿಳಿಯುತ್ತದೆ. ಚಿಕ್ಕ ತ್ರಿಕೋನಾಕಾರದ ರೆಕ್ಕೆಯ ಈ ವಿಮಾನ ನೇರವಾಗಿ ಓಡಲು, ಮೇಲಕ್ಕೇರಲು ಹುಟ್ಟಿದ್ದು. ಒಂದೇ ಸಮನೆ ಬಿಗಿಯಾಗಿ ತಿರುಗುತ್ತ ಕಾದಾಡಲು ಅಲ್ಲ. ಸ್ಟಿಕ್ಕನ್ನು ಜೋರಾಗಿ ಎಳೆದರೆ ಮೂತಿ ಚುರುಕಾಗಿ ಏಳುತ್ತದೆ, ಆದರೆ ಅದರ ಬೆನ್ನಿಗೇ ವೇಗ ಸೋರಿಹೋಗುತ್ತದೆ, ಅದನ್ನು ಮರಳಿ ಪಡೆಯಲು ಮೂತಿಯನ್ನು ನೆಲದ ಕಡೆಗೆ ತಗ್ಗಿಸಬೇಕಾಗುತ್ತದೆ. ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನವನ್ನು ತೋರಿಸುವ ಮಾಪಕ ಫಲಕದಲ್ಲಿದೆ. ಕಾದಾಟದಲ್ಲಿ ವೇಗದ ಮಾಪಕಕ್ಕಿಂತ ಅದನ್ನೇ ಹೆಚ್ಚು ನೋಡಬೇಕು. ಸ್ಟಿಕ್ಕಿನ ಚಲನೆಗೆ ಬಾಲದ ರೆಕ್ಕೆ ಎಷ್ಟು ತಿರುಗಬೇಕೆಂಬುದನ್ನು ವೇಗ ಮತ್ತು ಎತ್ತರಕ್ಕೆ ತಕ್ಕಂತೆ ಬದಲಿಸುವ ಎಆರ್‌ಯು ಎಂಬ ಯಂತ್ರವೂ ಇಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಕೆಳಮಟ್ಟದಲ್ಲಿ ಅತಿವೇಗವಾಗಿ ಹೋಗುವಾಗಲೂ ಇಳಿಯುವಾಗಲೂ ಕೈಗೆ ಸಿಗುವ ಸ್ಪಂದನ ಒಂದೇ ಆಗಿರುವುದಿಲ್ಲ. ಈ ವಿಮಾನದ ಆರ್-25 ಎಂಜಿನ್ನಿಗೆ, ಹೆಚ್ಚು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಸಾಮಾನ್ಯ ಆಫ್ಟರ್‌ಬರ್ನರ್ ಅಲ್ಲದೆ ಕೆಳಮಟ್ಟದಲ್ಲಿ ಅಲ್ಪಕಾಲ ಬಳಸುವ ತುರ್ತು ಹಂತವೊಂದಿದೆ. ಅದನ್ನು ಹಾಕಿದಾಗ ವಿಮಾನ ಏರುವ ಬಗೆ ನಿಜಕ್ಕೂ ಮೈನವಿರೇಳಿಸುತ್ತದೆ. ಇಂಧನ ಕರಗುವ ಬಗೆಯೂ ಹಾಗೆಯೇ.

ಹಾರಾಟದ ನೈಜತೆಯನ್ನು ಒರೆಗೆ ಹಚ್ಚಬೇಕಾದರೆ ಇಳಿಯುವುದನ್ನು ನೋಡಬೇಕು. ಈ ವಿಮಾನದಲ್ಲಿ ಎಂಜಿನ್ನಿನಿಂದ ತೆಗೆದ ಗಾಳಿಯನ್ನು, ರೆಕ್ಕೆಯ ಹಿಂದಂಚಿನಲ್ಲಿ ಇಳಿಬಿಡುವ ಫ್ಲಾಪುಗಳ ಮೇಲೆ ಊದುವ ಎಸ್‌ಪಿಎಸ್ ಎಂಬ ವ್ಯವಸ್ಥೆಯಿದೆ. ಫ್ಲಾಪನ್ನು ಪೂರ್ತಿ ಇಳಿಸಿದಾಗ ಅದು ರೆಕ್ಕೆಗೆ ಹೆಚ್ಚುವರಿ ಎತ್ತುವ ಬಲ ಕೊಡುತ್ತದೆ, ಆದರೆ ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುತ್ತಿರುವವರೆಗೆ ಮಾತ್ರ. ಬೇರೆ ವಿಮಾನಗಳಲ್ಲಿ ಅಭ್ಯಾಸವಾದಂತೆ ನೆಲ ಮುಟ್ಟುವ ಮೊದಲೇ ಥ್ರಾಟಲನ್ನು (ಎಂಜಿನ್ನಿನ ಶಕ್ತಿ ನಿಯಂತ್ರಿಸುವ ಹಿಡಿಯನ್ನು) ಪೂರ್ತಿ ಹಿಂದೆಳೆದರೆ ಊದುವ ಗಾಳಿ ನಿಲ್ಲುತ್ತದೆ, ಬಲ ಕುಸಿಯುತ್ತದೆ, ವಿಮಾನ ರನ್‌ವೇಗೆ ಅಪ್ಪಳಿಸುತ್ತದೆ. ಆದ್ದರಿಂದ ಚಕ್ರ ನೆಲ ಸೋಕುವ ತನಕ ಎಂಜಿನ್ನಿನ ವೇಗವನ್ನು ಹಿಡಿದಿಟ್ಟುಕೊಂಡು, ಮೂತಿಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ, ಹಿಂಬದಿಯ ಚಕ್ರಗಳು ಕೂತ ಮೇಲಷ್ಟೇ ಥ್ರಾಟಲ್ ಎಳೆದು ಬಾಲದ ಪ್ಯಾರಾಚೂಟ್ ಬಿಚ್ಚಬೇಕು. ಈ ಇಡೀ ಕ್ರಮ ಕೆಲವೇ ಸೆಕೆಂಡುಗಳದು. ಮೂತಿಯನ್ನು ಎಷ್ಟು ಎತ್ತಬೇಕೆಂಬುದನ್ನು ಕಣ್ಣಂಚಿನಲ್ಲಿ ರನ್‌ವೇಯ ಪಕ್ಕದ ನೆಲ ಏರಿಬರುವ ವೇಗದಿಂದ ಅಂದಾಜು ಮಾಡುತ್ತೇವೆ. ಚಿತ್ರ ನಯವಾಗಿ ಹರಿಯುತ್ತಿದ್ದರೆ ಈ ಅಂದಾಜು ತಾನಾಗಿಯೇ ಕೈಗೆ ಬರುತ್ತದೆ. ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್‌ಗಳಿಗೆ (ಬಿಡಿಚಿತ್ರಗಳಿಗೆ) ಇಳಿದು ತಡವರಿಸುತ್ತಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಬರುವುದಿಲ್ಲ.

ಶಸ್ತ್ರಗಳ ವಿಷಯದಲ್ಲಿಯೂ ಇದೇ ಪ್ರಾಮಾಣಿಕತೆ ಕಾಣುತ್ತದೆ. ರೇಡಾರ್ ಬಿಸಿಯಾಗಲು ಸಮಯ ಬೇಕು. ಕೆಳಗೆ ನೆಲವಿದ್ದಾಗ ಅದರ ಪ್ರತಿಫಲನದಲ್ಲಿ ಗುರಿ ಮುಚ್ಚಿಹೋಗುತ್ತದೆ. ಕಣ್ಣಿನಿಂದ ಹುಡುಕುವುದೇ ಎಷ್ಟೋ ಸಲ ಲೇಸು. ಆರ್-3 ಸರಣಿಯ ಹಳೆಯ ಕ್ಷಿಪಣಿಯನ್ನು ಎದುರಾಳಿಯ ಬೆನ್ನ ಹಿಂದಿನಿಂದಲೇ ಹಾರಿಸಬೇಕು, ಅದೂ ನಮ್ಮ ವಿಮಾನ ಬಿಗಿಯಾಗಿ ತಿರುಗುತ್ತಿಲ್ಲದಾಗ. ಆರ್-60 ಚಿಕ್ಕದಾದರೂ ಹತ್ತಿರದ ಕಾದಾಟಕ್ಕೆ ಚುರುಕು. 23 ಮಿ.ಮೀ. ಫಿರಂಗಿಗೆ 200 ಗುಂಡುಗಳಷ್ಟೇ ಇರುವುದರಿಂದ ಗುಂಡಿ ಒತ್ತಿ ಹಿಡಿದರೆ ಕೆಲವು ಸೆಕೆಂಡುಗಳಲ್ಲಿ ಖಾಲಿ. ಇವೆಲ್ಲ ಆಟದ ದೋಷಗಳೆಂದು ಹೊಸಬರು ಬೇಸರಪಡುವುದುಂಟು, ಆದರೆ ಆ ಕಾಲದ ಪೈಲಟ್‌ಗಳು ಇವುಗಳೊಂದಿಗೇ ಯುದ್ಧ ಮಾಡಿದವರು. 1970ರ ದಶಕದ ವಾಯುಯುದ್ಧ ಕ್ಷಿಪಣಿಗಿಂತ ಹೆಚ್ಚಾಗಿ ಸ್ಥಾನಕ್ಕಾಗಿ ನಡೆದ ಹೋರಾಟವಾಗಿತ್ತೆಂಬುದು ಪುಸ್ತಕ ಓದಿದಾಗ ತಿಳಿಯುವುದಕ್ಕಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. 2024ರಲ್ಲಿ ಬಂದ ಎಫ್-4ಇ ಫ್ಯಾಂಟಮ್ ಎದುರಿಗಿದ್ದು, ಸಿರಿಯಾ ಭೂಪ್ರದೇಶದ ಮೇಲೆ ಹಾರಾಟವಾದರೆ ಕಾಲ, ಸ್ಥಳ, ಎದುರಾಳಿ ಮೂರೂ ಇತಿಹಾಸಕ್ಕೆ ಹೊಂದುತ್ತವೆ.

ನೈಜತೆಗೆ ಮಿತಿಗಳಿಲ್ಲವೆಂದಲ್ಲ. ಕಂಪ್ಯೂಟರ್ ನಡೆಸುವ ವಿಮಾನಗಳು ನಾವು ಹಾರಿಸುವ ವಿಮಾನಕ್ಕಿರುವಷ್ಟು ವಿವರವಾದ ಲೆಕ್ಕದ ಮೇಲೆ ಹಾರುವುದಿಲ್ಲ. ಅವುಗಳ ಹಾರಾಟದ ಮಾದರಿ ಸರಳ. ಇದರಿಂದಾಗಿ ಅವು ವೇಗ ಕಳೆದುಕೊಳ್ಳದೆ ಏರುವುದು, ತಿರುಗುವುದು ಬಳಕೆದಾರರ ಬಹುಕಾಲದ ದೂರು. ಪ್ರತಿಯೊಂದು ವಿಮಾನಕ್ಕೂ ಪೂರ್ಣ ಲೆಕ್ಕ ಹಾಕಿದರೆ ಯಾವ ಪ್ರೊಸೆಸರೂ ತಾಳಲಾರದು ಎಂಬುದು ನಿಜ. ಆದರೂ ತನ್ನ ವಿಮಾನದ ಮಿತಿಯನ್ನು ಕಷ್ಟಪಟ್ಟು ಕಲಿತ ಆಟಗಾರನೆದುರು ಮಿತಿಯೇ ಇಲ್ಲದ ಎದುರಾಳಿಯನ್ನು ನಿಲ್ಲಿಸುವುದು ನ್ಯಾಯವಲ್ಲ. ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿಯ ಮಾತುಕತೆ ಬಡವಾಗಿದೆ. ವಿದ್ಯುನ್ಮಾನ ಯುದ್ಧದ ಚಿತ್ರಣವೂ ಸರಳವೇ. ಅದರ ಮಾಹಿತಿ ಬಹುಪಾಲು ರಹಸ್ಯವಾಗಿರುವುದರಿಂದ ಇದನ್ನು ಕ್ಷಮಿಸಬಹುದು. ಮಿಗ್-21 ಮಾಡ್ಯೂಲಿಗೂ ವಯಸ್ಸಾಗಿದೆ: ಫ್ಯಾಂಟಮ್‌ನ ಕಾಕ್‌ಪಿಟ್ಟಿನಲ್ಲಿ ಕಾಣುವ ಸವೆತ, ಗೀರು, ಧೂಳಿನ ಸೂಕ್ಷ್ಮತೆ ಇಲ್ಲಿಲ್ಲ. ಅತಿ ಕಡಿಮೆ ವೇಗದಲ್ಲಿ ಮೂತಿ ಎತ್ತಿದಾಗಿನ ಅದರ ವರ್ತನೆ ಎಷ್ಟು ಸರಿ ಎಂಬ ಬಗ್ಗೆ ಅನುಭವಿಗಳ ನಡುವೆ ವಾದ ಇನ್ನೂ ಮುಗಿದಿಲ್ಲ.

ಇನ್ನು ಕಂಪ್ಯೂಟರಿನ ವಿಷಯ. ಬಹುತೇಕ ಆಟಗಳಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅರ್ಧ ಕೆಲಸ ಮುಗಿಯುತ್ತದೆ. ಡಿಸಿಎಸ್‌ನಲ್ಲಿ ಹಾಗಲ್ಲ. ವಿಮಾನದ ಚಲನೆ, ಎಂಜಿನ್, ವಿದ್ಯುತ್ ಮತ್ತು ಹೈಡ್ರಾಲಿಕ್ ವ್ಯವಸ್ಥೆ, ಹಾರಿದ ಪ್ರತಿಯೊಂದು ಕ್ಷಿಪಣಿ, ನೆಲದ ಮೇಲಿನ ಪ್ರತಿಯೊಂದು ಟ್ಯಾಂಕು ಯಾರನ್ನು ನೋಡುತ್ತಿದೆ ಎಂಬುದು, ಇವೆಲ್ಲವೂ ಪ್ರೊಸೆಸರಿನ ಲೆಕ್ಕಗಳು. 2023ರವರೆಗೆ ಈ ಕೆಲಸದ ಬಹುಭಾಗ ಪ್ರೊಸೆಸರಿನ ಒಂದೇ ಕೋರಿನ (ಲೆಕ್ಕ ಮಾಡುವ ಘಟಕದ) ಮೇಲೆ ಬೀಳುತ್ತಿತ್ತು. ಎಂಟು ಕೋರುಗಳಿದ್ದರೂ ಉಳಿದವು ಹೆಚ್ಚುಕಡಿಮೆ ಕೈಕಟ್ಟಿ ಕೂತಿರುತ್ತಿದ್ದವು. ಆ ವರ್ಷ ಬಂದ ಮಲ್ಟಿಥ್ರೆಡಿಂಗ್ ಚಿತ್ರ ರಚನೆಯ ಕೆಲಸವನ್ನು ಬೇರೆ ಕೋರುಗಳಿಗೆ ಹಂಚಿತು. ಡಿಸಿಎಸ್‌ನ ಇತಿಹಾಸದಲ್ಲಿ ನೈಜತೆಗೆ ಅತಿ ಹೆಚ್ಚು ಒದಗಿದ ಬದಲಾವಣೆ ಯಾವುದೆಂದು ಕೇಳಿದರೆ ನಾನು ಯಾವ ಹೊಸ ವಿಮಾನವನ್ನೂ ಹೆಸರಿಸದೆ ಇದನ್ನೇ ಹೇಳುತ್ತೇನೆ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ 2.9 ಆವೃತ್ತಿ, ಚಿಕ್ಕದಾಗಿ ರಚಿಸಿದ ಚಿತ್ರವನ್ನು ತೆರೆಗೆ ತಕ್ಕಂತೆ ಹಿಗ್ಗಿಸಿ ಹೊರೆ ಇಳಿಸುವ ಡಿಎಲ್‌ಎಸ್‌ಎಸ್ ಮತ್ತು ಎಫ್‌ಎಸ್‌ಆರ್ ಸೌಲಭ್ಯಗಳನ್ನು ತಂದಿತು. ಆದರೂ ತಂತ್ರಾಂಶ ನಿಂತಿರುವುದು, ಆಟದ ಚಿತ್ರರಚನೆಯನ್ನು ಗ್ರಾಫಿಕ್ಸ್ ಕಾರ್ಡಿಗೆ ತಲುಪಿಸುವ ಹಳೆಯ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 11ರ ಮೇಲೆ. ಅದೇ ಕೆಲಸದ ಹೊಸ ವ್ಯವಸ್ಥೆಯಾದ ವಲ್ಕನ್‌ಗೆ ಬದಲಾಗುವ ಮಾತು ಬಹಳ ವರ್ಷಗಳಿಂದ ಮಾತಾಗಿಯೇ ಉಳಿದುಬಂದಿದೆ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದು ಫ್ರೇಮಿಗೂ ಸಿಗುವುದು 16.7 ಮಿಲಿಸೆಕೆಂಡು. ಸರಾಸರಿ 60 ಇದ್ದೂ ಆಗೊಮ್ಮೆ ಈಗೊಮ್ಮೆ ಒಂದು ಫ್ರೇಮ್ 80 ಮಿಲಿಸೆಕೆಂಡು ತೆಗೆದುಕೊಂಡರೆ ಕೈಗೆ ಗೊತ್ತಾಗುವುದು ಆ ಎಂಬತ್ತು ಮಾತ್ರ. ಆದ್ದರಿಂದ ಸರಾಸರಿ ಸಂಖ್ಯೆಯ ಬೆನ್ನು ಹತ್ತುವುದಕ್ಕಿಂತ ಏರಿಳಿತವನ್ನು ತಗ್ಗಿಸುವುದು ಮುಖ್ಯ. ತಡವರಿಕೆಗೆ ಬಹಳಷ್ಟು ಸಲ ಕಾರಣವಾಗುವುದು ಮೆಮೊರಿಯ ಕೊರತೆ. ದೊಡ್ಡ ಭೂಪ್ರದೇಶ, ಹತ್ತಾರು ಬಗೆಯ ವಿಮಾನಗಳಿರುವ ಸರ್ವರ್ ಸೇರಿದಾಗ 16 ಜಿಬಿ ಸಾಲದೆ ಡಿಸ್ಕಿನೊಂದಿಗೆ ಓಡಾಟ ಶುರುವಾಗುತ್ತದೆ. 32 ಜಿಬಿ ಇರಲೇಬೇಕೆಂದು ನಾನು ಸಲಹೆ ಕೊಡುತ್ತೇನೆ. ಆಟವನ್ನು ಎಸ್‌ಎಸ್‌ಡಿಯ ಮೇಲೆ ಇಡುವುದು ಕಡ್ಡಾಯ. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಿಂದ ಇದನ್ನು ಓಡಿಸುವುದು ವ್ಯರ್ಥ ಪ್ರಯತ್ನ. ನಾಲ್ಕೈದು ಭೂಪ್ರದೇಶಗಳನ್ನು ಹಾಕಿಕೊಂಡವರಿಗೆ ನೂರಾರು ಜಿಬಿ ಜಾಗ ಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಸೆಟ್ಟಿಂಗ್‌ಗಳಲ್ಲಿ ಮೊದಲು ಕೈಹಾಕಬೇಕಾದ್ದು ಕನ್ನಡಿಗಳಿಗೆ. ಕಾಕ್‌ಪಿಟ್ಟಿನ ಕನ್ನಡಿಯಲ್ಲಿ ಹಿಂಬದಿಯ ದೃಶ್ಯ ಕಾಣಬೇಕಾದರೆ ಹೊರಜಗತ್ತನ್ನು ಇನ್ನೊಂದು ಕೋನದಿಂದ ಮತ್ತೆ ಚಿತ್ರಿಸಬೇಕಾಗುತ್ತದೆ. ಬೇಡದಿದ್ದಾಗ ಅದನ್ನು ನಿಲ್ಲಿಸಿದರೆ ತಕ್ಷಣ ಉಸಿರಾಡಲು ಜಾಗ ಸಿಗುತ್ತದೆ. ನೆರಳುಗಳು, ಮೋಡಗಳ ಗುಣಮಟ್ಟ, ಮರಗಳು ಕಾಣುವ ದೂರ ಇವನ್ನು ಒಂದೊಂದು ಮೆಟ್ಟಿಲು ಇಳಿಸಬಹುದು. ಇಳಿಸಬಾರದ್ದು ಕಾಕ್‌ಪಿಟ್ಟಿನ ಚಿತ್ರದ ಗುಣಮಟ್ಟ. ಮಾಪಕಗಳನ್ನು ಓದಲಾಗದ ಮೇಲೆ ಹೊರಗಿನ ಬೆಟ್ಟ ಎಷ್ಟು ಸುಂದರವಾಗಿದ್ದರೇನು? ಇಲ್ಲಿ ಮಿಗ್-21ಕ್ಕೆ ಒಂದು ಅನುಕೂಲವಿದೆ. ಡಿಎಲ್‌ಎಸ್‌ಎಸ್ ಬಳಸಿದಾಗ ಚಲಿಸುವ ಸಣ್ಣ ಅಕ್ಷರಗಳ ಹಿಂದೆ ಮಸುಕಾದ ಬಾಲ ಉಳಿಯುತ್ತದೆ, ಎಫ್-16ರ ಪರದೆಗಳ ಮೇಲೆ ಓಡುವ ಅಂಕಿಗಳು ಇದರಿಂದ ಕಲಸಿದಂತಾಗುತ್ತವೆ. ಸೂಜಿ ಮತ್ತು ಮುಳ್ಳುಗಳ ಮಾಪಕವೇ ತುಂಬಿರುವ ಹಳೆಯ ಕಾಕ್‌ಪಿಟ್ಟಿಗೆ ಈ ತೊಂದರೆ ಬಹುತೇಕ ತಟ್ಟುವುದಿಲ್ಲ. ಗುರಿ ಹುಡುಕುವ ಕ್ಯಾಮೆರಾದ ಪರದೆಯೂ ಇದರಲ್ಲಿಲ್ಲ. ಆಧುನಿಕ ವಿಮಾನದಲ್ಲಿ ಅಂತಹ ಕ್ಯಾಮೆರಾ ಹಚ್ಚಿದರೆ, ಕನ್ನಡಿಯಂತೆಯೇ ಅದೂ ಇಡೀ ದೃಶ್ಯವನ್ನು ಎರಡನೆಯ ಸಲ ಚಿತ್ರಿಸುವಂತೆ ಕಂಪ್ಯೂಟರನ್ನು ದುಡಿಸುತ್ತದೆ. ಸಾಧಾರಣ ಕಂಪ್ಯೂಟರ್ ಇರುವವರಿಗೆ ನಾನು ಮೊದಲು ಈ ವಿಮಾನವನ್ನೇ ಸೂಚಿಸುವುದರ ಹಿಂದೆ ಅಭಿಮಾನದಷ್ಟೇ ಈ ಲೆಕ್ಕವೂ ಇದೆ.

ದೂರದ ವಿಮಾನ ಕಣ್ಣಿಗೆ ಬೀಳುವ ಪ್ರಶ್ನೆಯಲ್ಲಿ ನೈಜತೆಯೂ ತೆರೆಯ ಗುಣವೂ ನೇರವಾಗಿ ಎದುರುಬದುರಾಗುತ್ತವೆ. ಕೆಲವು ಕಿಲೋಮೀಟರ್ ಆಚೆಗಿನ ಯುದ್ಧವಿಮಾನ ತೆರೆಯ ಮೇಲೆ ಒಂದೆರಡು ಚುಕ್ಕೆಗಳಷ್ಟೇ. ತೆರೆಯ ರೆಸಲ್ಯೂಷನ್ ಹೆಚ್ಚಿದಂತೆ ಆ ಚುಕ್ಕೆ ಚಿಕ್ಕದಾಗುವುದರಿಂದ, ದುಬಾರಿ 4ಕೆ ತೆರೆಯ ಮುಂದೆ ಕೂತವರಿಗಿಂತ ಸಾಧಾರಣ ತೆರೆಯವರಿಗೆ ವೈರಿ ಬೇಗ ಕಾಣುವ ವಿಚಿತ್ರ ಸ್ಥಿತಿ ಉಂಟಾಗುತ್ತಿತ್ತು. 2.9ರ ನಂತರ ಈ ಚುಕ್ಕೆಗಳನ್ನು ಚಿತ್ರಿಸುವ ಕ್ರಮ ಬದಲಾಗಿದೆ, ಆದರೂ ಎಲ್ಲ ತೆರೆಗಳಿಗೂ ಸಮನಾದ ಪರಿಹಾರ ಇನ್ನೂ ಬಂದಿಲ್ಲ. ಕಣ್ಣನ್ನೇ ನಂಬಿ ಹೋರಾಡುವ ಮಿಗ್-21ರ ಪೈಲಟ್ಟಿಗೆ ಇದು ಒಳ್ಳೆಯ ರೇಡಾರ್ ಇರುವವರಿಗಿಂತ ಹೆಚ್ಚು ಕಾಡುತ್ತದೆ.

ಹಣ ಯಾವುದರ ಮೇಲೆ ಹಾಕಬೇಕೆಂದು ಕೇಳಿದರೆ, ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಜಾಯ್‌ಸ್ಟಿಕ್ ಎನ್ನುತ್ತೇನೆ. ಥ್ರಸ್ಟ್‌ಮಾಸ್ಟರ್‌ನ ಟಿ.16000ಎಂ ನಂತಹ, ಅಯಸ್ಕಾಂತೀಯ ಸಂವೇದಕವಿರುವ ಮಧ್ಯಮ ದರ್ಜೆಯ ಸ್ಟಿಕ್ ಸಾಕು. ತಲೆ ತಿರುಗಿಸಿದಂತೆ ದೃಶ್ಯ ತಿರುಗುವ ವ್ಯವಸ್ಥೆ ಅದರ ನಂತರದ ಅಗತ್ಯ. ಇದಕ್ಕೆಂದೇ ಇರುವ ಟ್ರ್ಯಾಕ್‌ಐಆರ್ ಉಪಕರಣ ದುಬಾರಿ, ಆದರೆ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಸಾಮಾನ್ಯ ವೆಬ್‌ಕ್ಯಾಮಿನಿಂದಲೇ ಮುಖದ ಚಲನೆಯನ್ನು ಗುರುತಿಸುತ್ತದೆ. ಕೋಣೆಯಲ್ಲಿ ಬೆಳಕು ಚೆನ್ನಾಗಿದ್ದರೆ ಅದರ ಕೆಲಸ ಮೆಚ್ಚುವಂತಿದೆ.

ವಿಆರ್ ಹೆಡ್‌ಸೆಟ್ಟಿನ ಅನುಭವಕ್ಕೆ ಸಾಟಿಯಿಲ್ಲ. ಕಾಕ್‌ಪಿಟ್ಟಿನ ಇಕ್ಕಟ್ಟು, ಗಾಜಿನ ದಪ್ಪ ಚೌಕಟ್ಟು ಮುಂದಿನ ನೋಟವನ್ನು ಮರೆಮಾಡುವ ಬಗೆ, ಹಿಂದೆ ನೋಡಲು ಭುಜ ತಿರುಗಿಸಬೇಕಾದ ಶ್ರಮ ಇವು ಮೈಗೇ ತಿಳಿಯುತ್ತವೆ. ಇಳಿಯುವಾಗ ಎತ್ತರದ ಅಂದಾಜು ಎರಡೂ ಕಣ್ಣುಗಳಿಂದ ಸಿಗುವುದರಿಂದ ಮೇಲೆ ಹೇಳಿದ ಎಸ್‌ಪಿಎಸ್ ಇಳಿತ ಎಷ್ಟೋ ಸಲೀಸಾಗುತ್ತದೆ. ಆದರೆ 90 ಹರ್ಟ್ಸ್‌ನ ಹೆಡ್‌ಸೆಟ್ಟಿಗೆ ಪ್ರತಿ 11.1 ಮಿಲಿಸೆಕೆಂಡಿಗೆ ಎರಡು ಕಣ್ಣಿನ ಎರಡು ಚಿತ್ರ ಬೇಕು. ಅಷ್ಟು ಶಕ್ತಿಯಿಲ್ಲದ ಕಂಪ್ಯೂಟರಿನಲ್ಲಿ ವಿಆರ್ ಹಾಕಿದರೆ ನೈಜತೆ ಹೆಚ್ಚುವ ಬದಲು ತಲೆನೋವು, ವಾಕರಿಕೆ ಬರುತ್ತದೆ. ಸಾಮಾನ್ಯ ತೆರೆಯ ಮೇಲೆ ಬಿಗುವಾಗಿ 60 ಫ್ರೇಮ್ ಹಿಡಿಯಲಾಗದವರು ವಿಆರ್ ಯೋಚನೆಯನ್ನು ಸದ್ಯಕ್ಕೆ ಬಿಡುವುದೇ ಒಳ್ಳೆಯದು.

ಬೇರೆ ಆಯ್ಕೆಗಳನ್ನು ಬಲ್ಲವರು ಕೇಳುವ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಎರಡನೆಯ ಮಹಾಯುದ್ಧದ ವಿಮಾನಗಳೇ ಸಾಕೆನ್ನುವವರಿಗೆ ಐಎಲ್-2 ಗ್ರೇಟ್ ಬ್ಯಾಟಲ್ಸ್ ಸರಣಿ ಹಗುರ ಮತ್ತು ನಯ. ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುವ ವಿವರ ಅದರಲ್ಲಿಲ್ಲ, ಹಾರಾಟದ ಅನುಭೂತಿ ಮಾತ್ರ ಗಟ್ಟಿಯಾಗಿದೆ. 1998ರ ಫಾಲ್ಕನ್ 4.0 ಮೇಲೆ ಅಭಿಮಾನಿಗಳು ಕಟ್ಟಿ ಬೆಳೆಸಿದ ಫಾಲ್ಕನ್ ಬಿಎಂಎಸ್‌ನಲ್ಲಿ ನಾವಿಲ್ಲದಾಗಲೂ ಯುದ್ಧ ತಾನಾಗಿಯೇ ಸಾಗುತ್ತದೆ. ಅಂತಹ ಜೀವಂತ ರಣರಂಗ ಡಿಸಿಎಸ್‌ಗೆ ಇನ್ನೂ ಬಂದಿಲ್ಲ, ಅದರ ದೊಡ್ಡ ಕೊರತೆಯೇ ಇದು. ವಾರ್ ಥಂಡರ್‌ನಲ್ಲಿಯೂ ಮಿಗ್-21 ಇದೆ, ಎಂತಹ ಕಂಪ್ಯೂಟರಿನಲ್ಲಿಯೂ ಓಡುತ್ತದೆ, ಆದರೆ ಒಂದು ಗುಂಡಿ ಒತ್ತಿದರೆ ಎಂಜಿನ್ ಶುರುವಾಗುವ ಆಟದಿಂದ ಈ ವಿಮಾನವನ್ನು ಅರಿಯಲಾಗದು.

ಬೆಲೆಯ ಮಾತಿಗೆ ಬಂದರೆ, ಡಿಸಿಎಸ್‌ನ ಪೂರ್ಣ ಪ್ರಮಾಣದ ವಿಮಾನಗಳು ಸುಮಾರು 50ರಿಂದ 80 ಡಾಲರ್ ಆಸುಪಾಸಿನಲ್ಲಿರುತ್ತವೆ. ಮಿಗ್-21 ಬಿಸ್ ಇದರ ಕೆಳತುದಿಯದು. ಒಂದು ವಿಮಾನಕ್ಕೆ ಇಷ್ಟು ಹಣ ನಮ್ಮ ಸಂಬಳಗಳ ಲೆಕ್ಕದಲ್ಲಿ ಕಡಿಮೆಯೇನಲ್ಲ. ಆದರೆ ವರ್ಷದಲ್ಲಿ ಹಲವು ಸಲ ರಿಯಾಯಿತಿ ಮಾರಾಟ ನಡೆಯುತ್ತದೆ, ಹಳೆಯ ಮಾಡ್ಯೂಲ್‌ಗಳು ಆಗ ಅರ್ಧ ಬೆಲೆಗೆ ಸಿಗುವುದುಂಟು. ಸ್ಟೀಮ್‌ನಲ್ಲಿ ರೂಪಾಯಿಯಲ್ಲಿ ಪಾವತಿಸಬಹುದು. ಸಂಸ್ಥೆಯ ಸ್ವಂತ ತಾಣದಿಂದ ಇಳಿಸಿಕೊಳ್ಳುವ ಆವೃತ್ತಿಯಲ್ಲಿ ಮಾಡ್ಯೂಲ್‌ಗಳನ್ನು 14 ದಿನ ಉಚಿತವಾಗಿ ಪರೀಕ್ಷಿಸುವ ಸೌಲಭ್ಯವಿದೆ. ಮೊದಲು ಆ ಆವೃತ್ತಿಯನ್ನು ಹಾಕಿಕೊಂಡು, ಉಚಿತ ಸು-25ಟಿಯಲ್ಲಿ ಕಾಕಸಸ್ ಮೇಲೆ ಹಾರಿ ಕಂಪ್ಯೂಟರ್ ಎಷ್ಟು ತಾಳುತ್ತದೆಂದು ನೋಡಿ. ಚಿತ್ರ ನಯವಾಗಿ ಓಡುವಂತೆ ಸೆಟ್ಟಿಂಗ್‌ಗಳನ್ನು ಹೊಂದಿಸಿದ ಮೇಲಷ್ಟೇ ಮಿಗ್-21ರ ಪರೀಕ್ಷಾ ಅವಧಿಯನ್ನು ಶುರುಮಾಡಿ. ಹದಿನಾಲ್ಕು ದಿನಗಳಲ್ಲಿ ಮೊದಲ ವಾರವನ್ನು ಎಂಜಿನ್ ಹಚ್ಚುವುದಕ್ಕೆ, ನೆಲದ ಮೇಲೆ ಸಾಗುವುದಕ್ಕೆ, ಇಳಿಯುವುದಕ್ಕೆ ಮೀಸಲಿಟ್ಟು, ಶಸ್ತ್ರಗಳನ್ನು ಎರಡನೆಯ ವಾರಕ್ಕೆ ಬಿಡಿ. ಎಸ್‌ಪಿಎಸ್ ಹಾಕಿಕೊಂಡು ನಾಲ್ಕಾರು ಸಲ ಸುರಕ್ಷಿತವಾಗಿ ಇಳಿಯುವಷ್ಟರಲ್ಲಿ, ಈ ವಿಮಾನಕ್ಕೆ ಹಣ ಕೊಡಬೇಕೋ ಬೇಡವೋ ಎಂಬುದು ನಿಮಗೇ ಗೊತ್ತಾಗಿರುತ್ತದೆ. ಕೊಡುವುದಾದರೆ ಮುಂದಿನ ರಿಯಾಯಿತಿ ಮಾರಾಟದವರೆಗೆ ಕಾದು ಕೊಳ್ಳಿ.